ಬ್ರೇಕ್ ಹಿಡಿಯಬಲ್ಲವನೇ ಹೀರೋ!

ಈ ವಾರ ಯಾವ ಮುಹೂರ್ತದ ಸುದ್ದಿಯೂ ಇಲ್ಲ, ಯಾರ ಮದುವೆಯ ಗುಸುಗುಸುವೂ ಇಲ್ಲ. ಈ ವಾರದ ಹೀರೋ ನನ್ನ ಅಕ್ಕನ ಮಗ. ಊರು ಹೊಸದುರ್ಗ ತಾಲ್ಲೂಕಿನ ಮತ್ತೋಡು. ವಯಸ್ಸು 19. ಹುಚ್ಚು? ವೇಗದ್ದು!

ಅಕ್ಕನ ಫೋನ್ ಬಂತು. 'ಪತ್ರಿಕೇಲಿ ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲಪ್ಪ, ನಿನ್ನ ಅಳಿಯನಿಗೂ ಒಂದು ಮಾತು ಹೇಳು. ಹಿತ್ತಲಲ್ಲಿ ಅದೆಂಥದೋ ಕಬ್ಬಿಣದ ಗಾಡಿ ಮಾಡ್ಕೊಂಡು ಕೂತಿದ್ದಾನೆ. ಹಬ್ಬದ ದಿನ ಹೊಸದುರ್ಗದ ರೋಡಲ್ಲಿ ಓಡಿಸ್ತಾನಂತೆ. ಹುಡುಗರ ಜೊತೆ ಪಂದ್ಯ ಬೇರೆ ಕಟ್ಟಿದ್ದಾನೆ. ನನಗೆ ರಾತ್ರಿ ನಿದ್ದೆ ಇಲ್ಲ ಕಣೋ' ಅಂದಳು. ದನಿ ನಡುಗುತ್ತಿತ್ತು.

ಮಾರನೇ ದಿನವೇ ಬಸ್ ಹತ್ತಿದೆ. ಹೋಗಿ ನೋಡ್ತೀನಿ... ತೆಂಗಿನ ಮರದ ನೆರಳಲ್ಲಿ ನಿಂತಿದೆ ಗಾಡಿ! ನೀರಿನ ಪೈಪು ಕತ್ತರಿಸಿ ವೆಲ್ಡಿಂಗ್ ಮಾಡಿದ ಚೌಕಟ್ಟು. ಹಳೇ ಮೊಪೆಡ್ಡಿನ ಎಂಜಿನ್. ಸ್ಕೂಟರಿನ ಚಕ್ರ. ಪ್ಲಾಸ್ಟಿಕ್ ಕುರ್ಚಿಯ ಕಾಲು ಕೊಯ್ದು ಮಾಡಿದ ಸೀಟು. ಮುಂದುಗಡೆ ಮೆಚ್ಚಿನ ನಟನ ಫೋಟೋ. ಎಲ್ಲಾ ಇದೆ. ಬ್ರೇಕ್? ಸೈಕಲ್ಲಿನ ಎರಡು ಬ್ರೇಕ್ ರಬ್ಬರ್, ಅಷ್ಟೇ!

ಬೈಯಬೇಕು ಅಂತಲೇ ಹೋದವನು ನಾನು. ಆದರೆ ನಿಜ ಹೇಳ್ತೀನಿ, ಒಳಗೊಳಗೇ ಹೆಮ್ಮೆಯೂ ಆಯ್ತು. ಮತ್ತೋಡು ಎಂದರೆ ಒಂದು ಕಾಲಕ್ಕೆ ಕುಲುಮೆಯಲ್ಲಿ ಗಾಜು ಕರಗಿಸಿ ಬಳೆ ಮಾಡುತ್ತಿದ್ದ ಊರು. 1800-01ರಲ್ಲಿ ಈ ಸೀಮೆ ಸುತ್ತಿದ ಬುಕಾನನ್ ಸಾಹೇಬ ಆ ಗಾಜಿನ ಕೆಲಸದ ಬಗ್ಗೆ ಬರೆದಿಟ್ಟಿದ್ದಾನೆ. ಬೆಂಕಿ ಜೊತೆ ಆಡಿದ ಊರಿನ ಹುಡುಗ ವೆಲ್ಡಿಂಗ್‌ಗೆ ಹೆದರ್ತಾನಾ?

'ಮಾವ, ಶಾಲೆ ಮೈದಾನದಲ್ಲಿ ಓಡಿಸಿ ನೋಡಿದೆ. ನೇರಕ್ಕೆ ಹಾರುತ್ತೆ. ಆದ್ರೆ ತಿರುಗಲ್ಲ! ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಮುಂದಕ್ಕೇ ಜಾರುತ್ತೆ. ಯಾಕೆ ಮಾವ?'

ನನಗೇನು ಗೊತ್ತು, ಮಣ್ಣು! 'ಗೊತ್ತಿರೋರ ಹತ್ರ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಇದು ಹಿತ್ತಲು ಬಿಟ್ಟು ಕದಲಬಾರದು. ಒಪ್ಪಿಗೆನಾ?' ಅಂದೆ. ಒಲ್ಲದ ಮನಸ್ಸಿನಿಂದ ಹ್ಞೂಂ ಅಂದ.

* * *

ಹೊಸದುರ್ಗದಲ್ಲಿ ಬೆಂಗಳೂರು ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವನಿಗೆ ಗೋ-ಕಾರ್ಟಿನ ಕಥೆ ಹೇಳಿದೆ. ನೀವೂ ಕೇಳಿ.

ಈ ಪುಟಾಣಿ ಗಾಡಿ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಆರ್ಟ್ ಇಂಗಲ್ಸ್ ಎಂಬಾತ ರೇಸ್ ಕಾರು ಕಟ್ಟುವ ಕಂಪನಿಯ ಕೆಲಸಗಾರ. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಮಾಡಿದ ಎಂಜಿನ್ ತಂದು ಪೈಪಿನ ಚೌಕಟ್ಟಿಗೆ ಕೂರಿಸಿದ. ಅಂದರೆ ನನ್ನ ಅಳಿಯ ಮಾಡಿದ ಕೆಲಸವನ್ನೇ ಅವನೂ ಮಾಡಿದ್ದು! ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿ, ಫಾರ್ಮುಲಾ ಒನ್ ಚಾಲಕರಿಗೆ ಒಂದನೇ ತರಗತಿಯ ಶಾಲೆಯಾಯಿತು.

ಬ್ರೆಜಿಲ್‌ನ ಐರ್ಟನ್ ಸೆನ್ನಾ ಫಾರ್ಮುಲಾ ಒನ್‌ನಲ್ಲಿ ಮೂರು ಸಲ ವಿಶ್ವ ಚಾಂಪಿಯನ್. ಆದರೆ ಕಾರ್ಟಿಂಗ್ ವಿಶ್ವ ಪಟ್ಟ ಮಾತ್ರ ಅವನಿಗೆ ಕೊನೆಗೂ ಸಿಗಲಿಲ್ಲ. 1979, 1980 ಎರಡೂ ವರ್ಷ ಎರಡನೇ ಸ್ಥಾನ! ಜರ್ಮನಿಯ ಮೈಕೆಲ್ ಶೂಮಾಕರ್ ಗಾರೆ ಕೆಲಸದವನ ಮಗ. ಅಪ್ಪ ಕೆರ್ಪೆನ್ ಊರಿನ ಕಾರ್ಟ್ ಟ್ರ್ಯಾಕ್ ನೋಡಿಕೊಳ್ಳುತ್ತಿದ್ದ, ಅಮ್ಮ ಅಲ್ಲಿನ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದಳು. ಆ ಹುಡುಗ ಏಳು ಸಲ ವಿಶ್ವ ಚಾಂಪಿಯನ್ ಆದ.

'ನಮ್ಮ ಕಡೆಯೋರು ಯಾರೂ ಇಲ್ವಾ ಮಾವ?' ಅಂದ.

ಇದ್ದಾರಪ್ಪ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಂತ ಅಣ್ಣತಮ್ಮಂದಿರು. ಇಬ್ಬರೂ ಕಾರ್ಟಿಂಗ್‌ನಿಂದಲೇ ಮೇಲೆ ಬಂದವರು. ತಮ್ಮ ಕುಶ್ 2025ರಲ್ಲಿ ಮೊನಾಕೊದ ಬೀದಿ ಟ್ರ್ಯಾಕ್‌ನಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದ. ಆದರೆ ಸುಳ್ಳು ಆಸೆ ಹುಟ್ಟಿಸೋದು ಬೇಡ. ಅವರ ಮನೆಯಲ್ಲಿ ಅಪ್ಪನೇ ರೇಸ್ ಓಡಿಸಿದವರು, ಕುಟುಂಬದ ಉದ್ದಿಮೆಯ ಆಸರೆ ಇತ್ತು. ನಮ್ಮ ಮತ್ತೋಡಿನ ಮನೆಯಲ್ಲಿ ಇರೋದು ನಾಲ್ಕು ಎಕರೆ ತೋಟ!

ಅವನ ಮುಖ ಬಾಡಿತು. ಅದಕ್ಕೇ ಹೇಳಿದೆ: 'ಲೇ, ಊರಲ್ಲಿ ಕ್ರಿಕೆಟ್ ಆಡೋರೆಲ್ಲ ಟೆಸ್ಟ್ ಆಡ್ತಾರೇನೋ? ಆದ್ರೂ ಭಾನುವಾರ ಆಡೋದು ಬಿಡ್ತಾರಾ?'

* * *

ಟ್ರ್ಯಾಕ್ ತಲುಪಿದೆವು. ಬೆಂಗಳೂರಿನಲ್ಲಿ ಬಾಡಿಗೆಗೆ ಕಾರ್ಟ್ ಕೊಡುವ ಜಾಗಗಳಿವೆ. ರಾಷ್ಟ್ರಮಟ್ಟದ ಕಾರ್ಟಿಂಗ್ ಸುತ್ತುಗಳು ನಡೆದಿರುವ ಮೆಕೊ ಕಾರ್ಟೋಪಿಯಾ ಕೂಡ ಬೆಂಗಳೂರಿನದೇ. ನಾವು ಹೋದ ಜಾಗದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಅಳಿಯ ತನ್ನ ಗಾಡಿಯ ಫೋಟೋ ತೋರಿಸಿ ಅದೇ ಪ್ರಶ್ನೆ ಕೇಳಿದ: 'ಯಾಕೆ ಸಾರ್ ತಿರುಗಲ್ಲ?'

ಅವರು ನಗಲಿಲ್ಲ. ಒಂದು ಕಾರ್ಟಿನ ಪಕ್ಕ ಅವನನ್ನು ಕೂರಿಸಿಕೊಂಡು ತೋರಿಸಿದರು. ಕಾರಿನಲ್ಲಿ ಎಂಜಿನ್ ತಿರುಗಿಸುವ ಎರಡು ಚಕ್ರಗಳ ಮಧ್ಯೆ ಡಿಫರೆನ್ಷಿಯಲ್ ಇರುತ್ತೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತು, ಒಳಗಿನದು ಕಡಿಮೆ ಸುತ್ತು ತಿರುಗೋದಕ್ಕೆ ಅದು ಬಿಡುತ್ತೆ. ಕಾರ್ಟಿನಲ್ಲಿ ಅದಿಲ್ಲ. ಹಿಂದೆ ಒಂದೇ ಗಟ್ಟಿ ಆ್ಯಕ್ಸಲ್. ಎರಡೂ ಚಕ್ರ ಒಟ್ಟಿಗೇ ತಿರುಗಬೇಕು. ಹಾಗಾಗಿ ಗಾಡಿ ನೇರಕ್ಕೇ ನೂಕುತ್ತೆ. ಮತ್ತೆ ಕಾರ್ಟ್ ತಿರುಗೋದು ಹೇಗೆ? ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಒಳಚಕ್ರ ನೆಲಕ್ಕೆ ಒತ್ತುತ್ತೆ, ಚೌಕಟ್ಟು ತುಸು ತಿರುಚಿಕೊಳ್ಳುತ್ತೆ, ಹಿಂದಿನ ಒಳಚಕ್ರ ಕೊಂಚ ಮೇಲೇಳುತ್ತೆ. ಆಗ ಗಾಡಿ ಮೂರೇ ಕಾಲಿನ ಮೇಲೆ ತಿರುಗುತ್ತೆ! ಕಾರ್ಟಿಗೆ ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಬಳುಕುವ ಪೈಪೇ ಅದರ ಸಸ್ಪೆನ್ಷನ್.

'ನೀನು ಗಟ್ಟಿ ಇರಲಿ ಅಂತ ಅಡ್ಡಡ್ಡ ಪೈಪು ಹಾಕಿ ಬಿಗಿ ಮಾಡಿದ್ದೀಯ. ಮುಂದಿನ ಚಕ್ರದ ಕೀಲನ್ನೂ ನೆಟ್ಟಗೆ ನಿಲ್ಲಿಸಿದ್ದೀಯ, ಅದು ಹಿಂದಕ್ಕೆ ವಾಲಿರಬೇಕು. ಹೀಗಿದ್ರೆ ಚಕ್ರ ಹೇಗಪ್ಪ ಏಳುತ್ತೆ?' ಅಂದರು. ಅಳಿಯನ ಕಣ್ಣು ನೋಡಬೇಕಿತ್ತು ನೀವು... ಇಂಟರ್‌ವಲ್ ಆದ ಮೇಲೆ ಕೊಲೆಗಾರ ಯಾರು ಅಂತ ಗೊತ್ತಾದವನ ಹಾಗೆ ಅರಳಿತ್ತು!

ಆಮೇಲೆ ಓಟ. ತಲೆಗೆ ಪೂರ್ತಿ ಮುಚ್ಚುವ ಹೆಲ್ಮೆಟ್. ಎರಡೇ ಪೆಡಲ್: ಬಲಗಾಲಿಗೆ ಆಕ್ಸಿಲರೇಟರ್, ಎಡಗಾಲಿಗೆ ಬ್ರೇಕ್. ಗೇರ್ ಇಲ್ಲ, ಕೈಗೆ ಕ್ಲಚ್ಚೂ ಇಲ್ಲ. ಎರಡೂ ಪೆಡಲ್ ಒಟ್ಟಿಗೆ ಒತ್ತಬಾರದು. ಬಾಡಿಗೆ ಕಾರ್ಟಿನಲ್ಲಿ ಸಾಮಾನ್ಯವಾಗಿ 200 ಅಥವಾ 270 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್. ಗಂಟೆಗೆ 50-60 ಕಿಲೋಮೀಟರ್ ಓಡುತ್ತೆ. ಅಷ್ಟೇನಾ ಅಂತೀರಾ? ಕೂತ ಜಾಗ ನೆಲದಿಂದ ಒಂದೆರಡು ಇಂಚು! ನಾನೂ ಕೂತೆ. ಐವತ್ತು ದಾಟಿದ ಪ್ರಾಣಿ ನಾನು, ಎರಡನೇ ತಿರುವಿನಲ್ಲೇ ದೇವರನ್ನೆಲ್ಲ ನೆನೆದೆ.

ಬಾವುಟದ ಭಾಷೆ ಮೊದಲೇ ಹೇಳಿಕೊಟ್ಟರು. ಹಳದಿ ಕಂಡರೆ ಮುಂದೆ ಅಪಾಯ, ಹಿಂದಿಕ್ಕಬಾರದು. ನೀಲಿ ಕಂಡರೆ ಹಿಂದೆ ನಿನಗಿಂತ ಜೋರಿನವನಿದ್ದಾನೆ, ದಾರಿ ಬಿಡು. ಕೆಂಪು ಕಂಡರೆ ಓಟ ನಿಂತಿದೆ. ಕಪ್ಪು ತೋರಿಸಿದರೆ ನೀನು ಒಳಗೆ ಬಾ. ಕಪ್ಪು-ಬಿಳುಪು ಚೌಕಳಿ ಎಂದರೆ ಶುಭಂ!

ನನ್ನ ಅಳಿಯ ಹೊರಟ ನೋಡಿ, ಬಿಟ್ಟ ಬಾಣ! ನೇರದಲ್ಲಿ ಎಲ್ಲರಿಗಿಂತ ಮುಂದೆ. ಪ್ರತಿ ತಿರುವಿನಲ್ಲೂ ಟಯರು ಕಿರುಚಿ, ಗಾಡಿ ಅಡ್ಡ ಆಗಿ, ಎರಡು ಸಲ ಗಿರ್ರನೆ ಸುತ್ತಿ ನಿಂತ. ಅವನನ್ನು ಸದ್ದಿಲ್ಲದೆ ದಾಟಿ ಹೋಗಿದ್ದು ಯಾರು ಅಂತೀರಿ? ಹನ್ನೆರಡರ ಒಬ್ಬ ಹುಡುಗಿ! ಕೊನೆಗೆ ಕೈಗೆ ಬಂದ ಚೀಟಿ ನೋಡಿದರೆ ಅವಳಿಗಿಂತ ಸುತ್ತಿಗೆ ನಾಲ್ಕು ಸೆಕೆಂಡು ಹಿಂದೆ. ಹೆಲ್ಮೆಟ್ ತೆಗೆದವನ ಮುಖದಲ್ಲಿ ರಕ್ತವಿಲ್ಲ.

ಮೆಕ್ಯಾನಿಕ್ ಪಕ್ಕದಲ್ಲಿ ಬಂದು ಕೂತರು. 'ಆಕ್ಸಿಲರೇಟರ್ ಒತ್ತೋಕೆ ಕಾಲಿದ್ರೆ ಸಾಕು ಮಗ. ರೇಸ್ ಇರೋದು ಬ್ರೇಕಿನಲ್ಲಿ. ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಬ್ರೇಕ್ ಒತ್ತು. ಹೊರಗಿನಿಂದ ಒಳಗೆ ಬಾ, ಒಳ ಅಂಚು ಮುಟ್ಟು, ಮತ್ತೆ ಹೊರಕ್ಕೆ ಬಿಡು. ದಾರಿ ನೆಟ್ಟಗಾದ ಮೇಲೆ ಗ್ಯಾಸ್ ಕೊಡು. ನಿಧಾನವಾಗಿ ಒಳಹೊಕ್ಕವನೇ ಜೋರಾಗಿ ಆಚೆ ಬರೋದು.'

ಎರಡನೇ ಓಟಕ್ಕೆ ನಾನೇ ದುಡ್ಡು ಕೊಟ್ಟೆ. ಒಂದು ಸಲವೂ ಸುತ್ತಲಿಲ್ಲ. ಹಿಂದಿನದಕ್ಕಿಂತ ಎರಡೂವರೆ ಸೆಕೆಂಡು ಬೇಗ ಬಂದ. 'ಮಾವ, ನಿಧಾನ ಓಡಿಸಿದ ಹಾಗಿತ್ತು. ಆದ್ರೆ ಬೇಗ ಬಂದೆ!' ಅಂತ ಅವನಿಗೇ ಆಶ್ಚರ್ಯ.

* * *

ನಿಮಗೂ ಆಸೆ ಆಗಿರಬೇಕಲ್ಲ? ಲೆಕ್ಕ ಹೇಳ್ತೀನಿ. ಬಾಡಿಗೆ ಓಟ ಎಂಟ್ಹತ್ತು ನಿಮಿಷದ್ದು. ಕೆಲವು ನೂರು ರೂಪಾಯಿಯಿಂದ ಸಾವಿರದ ಆಸುಪಾಸು. ಜಾಗದಿಂದ ಜಾಗಕ್ಕೆ ಬೇರೆ, ಫೋನ್ ಮಾಡಿ ಕೇಳಿಯೇ ಹೊರಡಿ. ಹೆಲ್ಮೆಟ್ ಅವರೇ ಕೊಡ್ತಾರೆ. ಕಟ್ಟಿದ ಬೂಟು ನಿಮ್ಮದು, ಚಪ್ಪಲಿಗೆ ಪ್ರವೇಶವಿಲ್ಲ. ಹತ್ತಾರು ಸಲ ಓಡಿಸಿ ಕೈ ಪಳಗಿದ ಮೇಲೂ ರೇಸ್ ಬೇಕು ಅನ್ನಿಸಿದರೆ, ಭಾರತದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಲೈಸೆನ್ಸ್ ಮಾಡಿಸಬೇಕು. ಅಲ್ಲಿನ ಕಾರ್ಟ್ ಬೇರೆಯೇ ಜಾತಿ. ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯ 125 ಸಿಸಿ ಟೂ ಸ್ಟ್ರೋಕ್ ಎಂಜಿನ್, ದೊಡ್ಡವರ ವಿಭಾಗದಲ್ಲಿ ಸುಮಾರು 30 ಕುದುರೆ ಶಕ್ತಿ, ನೂರು ಕಿಲೋಮೀಟರ್ ಮೀರುವ ವೇಗ. ಒಂದು ಸೀಸನ್ನಿಗೆ ಖರ್ಚು ಲಕ್ಷಗಳಲ್ಲಿ. ಸಾಲ ಮಾಡಿ, ಅಮ್ಮನ ಸರ ಅಡವಿಟ್ಟು ಹೋಗುವ ದಾರಿ ಅಲ್ಲ ಅದು. ಗಾಡಿ ಕಟ್ಟುವ ಹುಚ್ಚಿದ್ದವರಿಗೆ ಇನ್ನೊಂದು ದಾರಿಯಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಂಡ ಕಟ್ಟಿ ತಾವೇ ಗಾಡಿ ಮಾಡಿ ಸ್ಪರ್ಧಿಸುತ್ತಾರೆ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಅಂಥದ್ದು.

ಎಚ್ಚರಿಕೆಯ ಮಾತು ಒಂದು. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದ್ ಬಳಿ, ತಿರುಗುವ ಭಾಗಕ್ಕೆ ಉದ್ದ ಕೂದಲು ಸಿಕ್ಕಿ ಇಬ್ಬರು ಹೆಣ್ಣುಮಕ್ಕಳು ಪ್ರಾಣ ಬಿಟ್ಟರು. ಹಿಂದಿನ ಆ್ಯಕ್ಸಲ್, ಚೈನಿಗೆ ಮುಚ್ಚಳ ಇಲ್ಲದ ಕಾರ್ಟನ್ನು ಹತ್ತಲೇಬೇಡಿ. ಕೂದಲು ಕಟ್ಟಿ ಹೆಲ್ಮೆಟ್ ಒಳಗೆ ಸೇರಿಸಿ. ದುಪಟ್ಟಾ, ಟವೆಲ್, ಮಫ್ಲರ್ ಹೊರಗಿಟ್ಟು ಬನ್ನಿ. ಬಿಗಿಯಾಗದ ಹೆಲ್ಮೆಟ್ ಕೊಟ್ಟರೆ 'ಬೇರೆ ಕೊಡಿ' ಅನ್ನೋದಕ್ಕೆ ನಾಚಿಕೆ ಬೇಡ.

ರಸ್ತೆಯಲ್ಲಿ ಪಂದ್ಯ ಕಟ್ಟುವ ಮಿತ್ರರೇ, 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮಾತು ಹಾಗಿರಲಿ. ತಮಿಳಿನ ಅಜಿತ್ ಕುಮಾರ್ 2025ರ ಜನವರಿಯಲ್ಲಿ ದುಬೈನಲ್ಲಿ ಅಭ್ಯಾಸ ಮಾಡುವಾಗ ಕಾರು ಗೋಡೆಗೆ ಬಡಿದು ಬುಗುರಿಯಂತೆ ಸುತ್ತಿತು. ಎದ್ದು ನಡೆದು ಬಂದರು. ಅದೇ ವಾರ ಅವರ ತಂಡ 24 ಗಂಟೆ ರೇಸಿನಲ್ಲಿ ತನ್ನ ವಿಭಾಗದ ಮೂರನೇ ಸ್ಥಾನ ಗಳಿಸಿತು. ಯಾಕೆ ಉಳಿದರು? ಟ್ರ್ಯಾಕ್‌ನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ. ಮೈಗೆ ಬೆಲ್ಟ್, ತಲೆಗೆ ಹೆಲ್ಮೆಟ್, ಸುತ್ತ ಕಾಯುವ ಜನ. ನಮ್ಮ ಹೆದ್ದಾರಿಯಲ್ಲಿ ಅದು ಯಾವುದೂ ಇಲ್ಲ. 'ಮಿಂಚಿನ ಓಟ' ಕೊಟ್ಟ ನಮ್ಮ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ಹೋಗಿದ್ದು ಅನಗೋಡಿನ ಬಳಿಯ ಹೆದ್ದಾರಿಯಲ್ಲಿ. ದಾವಣಗೆರೆ ಆಗಿನ್ನೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಆ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅಕ್ಕನಿಗೆ ಮಗನ ಗಾಡಿ ಕಂಡು ನಿದ್ದೆ ಬಾರದೇ ಇದ್ದದ್ದು ಸುಮ್ಮನೆ ಅಲ್ಲ.

* * *

ಊರಿಗೆ ವಾಪಸ್ ಬಂದ ಮಾರನೇ ದಿನ ಅಳಿಯ ಗಾಡಿಯ ಎಂಜಿನ್ ಇಳಿಸಿದ. ಅಡ್ಡ ಪೈಪುಗಳನ್ನು ಕತ್ತರಿಸಿ ಹಾಕಿದ. ಕೀಲು ವಾಲಿಸಿ ಮತ್ತೆ ಬೆಸೆಯುತ್ತಾನಂತೆ. 'ನಿಜವಾದ ಬ್ರೇಕ್ ಹಾಕೋವರೆಗೂ ಎಂಜಿನ್ ಕೂರಿಸಲ್ಲ ಮಾವ. ಆಮೇಲೂ ಮೈದಾನದಲ್ಲೇ' ಅಂದ. ಪಂದ್ಯ? ಹುಡುಗರು ಒಂದಿಷ್ಟು ಗೇಲಿ ಮಾಡಿದರು. ಮಾಡಲಿ ಬಿಡಿ. ಕಾಯಿ ಸುಲಿಯುವ ಕೂಲಿಯಲ್ಲಿ ವಾರಕ್ಕೆ ನೂರು ರೂಪಾಯಿ ಡಬ್ಬಿಗೆ ಹಾಕುತ್ತಿದ್ದಾನೆ. ಆ ನಾಲ್ಕು ಸೆಕೆಂಡಿನಲ್ಲಿ ಇನ್ನೂ ಒಂದೂವರೆ ಬಾಕಿ ಇದೆಯಲ್ಲ!

ನನ್ನನ್ನು ಬಸ್ಸಿಗೆ ಬಿಡಲು ಬೈಕ್ ತೆಗೆದ. ಕೇಳುವ ಮುಂಚೆಯೇ ಹೆಲ್ಮೆಟ್ ಹಾಕಿದ್ದ. ಊರಾಚೆ ಒಂದು ತಿರುವಿದೆ. ಪ್ರತಿ ಸಲ ಅಲ್ಲಿ ಅವನ ಸೊಂಟ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಈ ಸಲ ತಿರುವು ಇನ್ನೂ ದೂರ ಇರುವಾಗಲೇ ಬೈಕ್ ತಗ್ಗಿತು. ನಮ್ಮ ಎಡಪಕ್ಕ ಬಿಡದೆ ಮೆಲ್ಲಗೆ ಹೊರಳಿತು. ದಾರಿ ನೆಟ್ಟಗಾದ ಮೇಲೆ ಹಿತವಾಗಿ ಗ್ಯಾಸ್ ಕೊಟ್ಟ. ಎದುರಿಗೆ ತೆಂಗಿನಕಾಯಿ ತುಂಬಿದ ಒಂದು ಟ್ರ್ಯಾಕ್ಟರ್ ಬಂತು, ತನ್ನ ಪಾಡಿಗೆ ತಾನು ಹೋಯ್ತು.

ನಾನು ಕಣ್ಣು ಮುಚ್ಚಿರಲಿಲ್ಲ.

ಬರ್ತೀನಿ ಮಿತ್ರರೇ. ಮುಂದಿನ ವಾರ ಮತ್ತೆ ಗಾಂಧಿನಗರದ ಗುಸುಗುಸು!