ಶ್ರೀಖಂಡವೂ ಪಂಕ್ತಿಧರ್ಮವೂ

ಶ್ರಾವಣವು ಮೊದಲಾಯಿತೆಂದರೆ ದೀಪಾವಳಿಯವರೆಗೆ ನಮ್ಮ ಮನೆಗಳಲ್ಲಿ ಬಂಧುಮಿತ್ರರ ಕೂಟಗಳಿಗೆ ಕೊರತೆಯಿಲ್ಲ. ನಿಮಿತ್ತವು ಹಬ್ಬವಿರಲಿ, ನಾಮಕರಣವಿರಲಿ, ಮಕ್ಕಳ ಹುಟ್ಟುಹಬ್ಬವಿರಲಿ, ಎಲೆಯ ಮೇಲೆ ಸಿಹಿಯೊಂದು ಬೀಳದೆ ಊಟವು ಊಟವೆನಿಸದು. ಇಪ್ಪತ್ತು ಮಂದಿಗೆ ಸಾಲುವಂತಹ, ಸಮೃದ್ಧವೂ ಸುಲಭವೂ ಆದ ಭಕ್ಷ್ಯವು ಯಾವುದೆಂದು ಗೃಹಿಣಿಯರು ಕೇಳುವುದುಂಟು. ಉತ್ತರವನ್ನು ಹೇಳುವುದಕ್ಕೆ ಮುಂಚೆ ಸುಲಭವೆಂಬ ಮಾತಿನ ಅರ್ಥವನ್ನು ಕೊಂಚ ವಿಚಾರಿಸೋಣ.

ಹೋಳಿಗೆಯು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಬಿಸಿಬಿಸಿಯಾಗಿ ಬಡಿಸಬೇಕಾದರೆ ಒಬ್ಬಾಕೆ ಕಾವಲಿಯ ಮುಂದೆ ನಿಂತೇ ಇರಬೇಕು. ಚಿರೋಟಿಗೆ ಲಟ್ಟಿಸುವವರೊಬ್ಬರು, ಕರಿಯುವವರೊಬ್ಬರು ಬೇಕು. ಮೈಸೂರುಪಾಕಿನ ಹದವಂತೂ ಒಂದು ಕ್ಷಣ ಮೀರಿದರೆ ಕಲ್ಲಾಗುವುದು. ಅತಿಥಿಗಳು ಬಂದು ಕುಳಿತ ವೇಳೆಯಲ್ಲಿ ಗೃಹಿಣಿಯನ್ನು ಒಲೆಗೆ ಕಟ್ಟಿಹಾಕದಿರುವ ಭಕ್ಷ್ಯವೇ ಸುಲಭವಾದ ಭಕ್ಷ್ಯವೆಂದು ನಮ್ಮ ಅಭಿಪ್ರಾಯವು.

ಪಂಕ್ತಿಭೇದವು ದೋಷವೆಂದು ನಾವೆಲ್ಲರೂ ಬಲ್ಲೆವು. ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಒಬ್ಬರಿಗೆ ತುಪ್ಪವನ್ನು ಧಾರಾಳವಾಗಿಯೂ ಮತ್ತೊಬ್ಬರಿಗೆ ಬಿಗಿಹಿಡಿದೂ ಬಡಿಸಿದರೆ ನೋಡಿದವರು ಆಡಿಕೊಳ್ಳದೆ ಬಿಡರು. ಆದರೆ ಪಡಸಾಲೆಗೂ ಅಡಿಗೆಮನೆಗೂ ನಡುವೆ ನಡೆಯುವ ಪಂಕ್ತಿಭೇದವು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರೂ ಉಂಡು ಎಲೆಯಡಿಕೆಗೆ ಕೈಹಾಕಿದ ಮೇಲೆ ಆರಿದ ಅನ್ನ, ತಳದ ಸಾರು, ಪಾತ್ರೆಯ ಅಂಚಿಗೆ ಅಂಟಿದ ಸಿಹಿ, ಇಷ್ಟು ಅಡಿಗೆ ಮಾಡಿದಾಕೆಯ ಪಾಲಿಗೆ ಉಳಿಯುವುದು. ಇದೇ ಶಾಸ್ತ್ರವೆಂದು ಹೇಳುವವರೂ ಇದ್ದಾರೆ. ಮನುಸ್ಮೃತಿಯ 3ನೆಯ ಅಧ್ಯಾಯದಲ್ಲಿ, ಬಂದ ವಿಪ್ರರೂ ತನ್ನವರೂ ಭೃತ್ಯರೂ ಉಂಡ ಬಳಿಕ ಉಳಿದುದನ್ನು ದಂಪತಿಗಳು ಉಣ್ಣತಕ್ಕದ್ದೆಂದಿದೆ. ಅಲ್ಲಿಯ ಕ್ರಿಯಾಪದವು ದ್ವಿವಚನದಲ್ಲಿದೆ ಎಂಬುದನ್ನು ವ್ಯಾಕರಣವನ್ನೋದಿದ ಬಾಲಕನೂ ಬಲ್ಲನು. ಕಾಯಬೇಕಾದರೆ ಇಬ್ಬರೂ ಕಾಯಬೇಕು. ಯಜಮಾನನು ಮೊದಲ ಪಂಕ್ತಿಯಲ್ಲಿ ಕುಳಿತು ಯಜಮಾನಿಯನ್ನು ಕೊನೆಗೆ ಬಿಡುವುದಕ್ಕೆ ಆ ವಚನದಲ್ಲಿ ಆಧಾರವಿಲ್ಲ.

ಇದಕ್ಕೊಂದು ರುಚಿಕರವಾದ ಪರಿಹಾರವಿದೆ, ಅದು ಶ್ರೀಖಂಡವು. ಬೆಳಗಾವಿ, ಧಾರವಾಡಗಳ ಕಡೆಯಲ್ಲಿ ಪೂರಿಯೊಡನೆ ಇದನ್ನು ಬಡಿಸುವ ರೂಢಿಯು ಚೆನ್ನಾಗಿದೆ. ಮಹಾರಾಷ್ಟ್ರ, ಗುಜರಾತುಗಳಲ್ಲಿಯೂ ಇದು ಹಬ್ಬದ ಭಕ್ಷ್ಯವು. ಇದರ ಕುಲವು ಬಹಳ ಹಳೆಯದು. ಸಂಸ್ಕೃತದಲ್ಲಿ ಇದರ ಹತ್ತಿರದ ಬಂಧುವಿಗೆ ಶಿಖರಿಣಿ, ರಸಾಲಾ ಎಂದು ಹೆಸರು. 17 ಅಕ್ಷರಗಳ ಪಾದವುಳ್ಳ ಒಂದು ವೃತ್ತಕ್ಕೂ ಶಿಖರಿಣಿಯೆಂದೇ ಹೆಸರಿರುವುದರಿಂದ ಕಾವ್ಯವನ್ನೋದುವವರಿಗೂ ಊಟವನ್ನು ಬಲ್ಲವರಿಗೂ ಈ ಮಾತು ಸಮಾನವಾಗಿ ಪ್ರಿಯವು. 16ನೆಯ ಶತಮಾನದ ಭಾವಪ್ರಕಾಶವೆಂಬ ವೈದ್ಯಗ್ರಂಥದಲ್ಲಿ ಇದನ್ನು ಮಾಡುವ ಕ್ರಮವಿದೆ. ಭೀಮಸೇನನು ಇದನ್ನು ರಚಿಸಿದನೆಂದೂ ಶ್ರೀಕೃಷ್ಣನು ಮತ್ತೆ ಮತ್ತೆ ಆಸ್ವಾದಿಸಿದನೆಂದೂ ಅಲ್ಲಿ ಹೇಳಿದೆ. ನೀರು ತೆಗೆದ ಎಮ್ಮೆಯ ಮೊಸರು ಒಂದು ಆಢಕ, ಸಕ್ಕರೆ ಎರಡು ಪ್ರಸ್ಥ, ಇದು ಅಲ್ಲಿಯ ಪ್ರಮಾಣವು. ನಾಲ್ಕು ಪ್ರಸ್ಥಕ್ಕೆ ಒಂದು ಆಢಕವಾದುದರಿಂದ ಸಕ್ಕರೆಯು ಮೊಸರಿನ ಅರ್ಧವಾಯಿತು. ಇಂದು ಸಮಸಮವಾಗಿ ಸಕ್ಕರೆಯನ್ನು ಸುರಿಯುವವರು ಇದನ್ನು ಗಮನಿಸಬೇಕು.

ಇನ್ನು ಮಾಡುವ ವಿಧಾನವು. ಭಾನುವಾರ ಮಧ್ಯಾಹ್ನದ ಊಟವೆಂದಿಟ್ಟುಕೊಳ್ಳೋಣ. ಶುಕ್ರವಾರ ರಾತ್ರಿ 3 ಲೀಟರು ಗಟ್ಟಿಹಾಲನ್ನು, ಎಮ್ಮೆಯದಾದರೆ ಮೇಲು, ಚೆನ್ನಾಗಿ ಕಾಯಿಸಿ ಉಗುರುಬೆಚ್ಚಗಿರುವಾಗ ಹೆಪ್ಪು ಹಾಕತಕ್ಕದ್ದು. ಶನಿವಾರ ಬೆಳಿಗ್ಗೆ ಮೊಸರು ಸಿಹಿಯಾಗಿರುವಾಗಲೇ ಒಗೆದ ತೆಳುಬಟ್ಟೆಯಲ್ಲಿ ಸುರಿದು, ಗಂಟು ಕಟ್ಟಿ, ಕೆಳಗೆ ಪಾತ್ರೆಯನ್ನಿಟ್ಟು ಏಳೆಂಟು ಗಂಟೆಗಳ ಕಾಲ ತೂಗುಹಾಕಬೇಕು. ಮೊಸರಿನೊಳಗಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತಲೇ ಇರುವುವು, ಸೆಕೆಯಲ್ಲಿ ಇನ್ನೂ ಬೇಗನೆ. ಆದುದರಿಂದ ಬೇಸಗೆಯಾದರೆ ಗಂಟನ್ನು ಜರಡಿಯ ಮೇಲಿಟ್ಟು ಫ್ರಿಜ್ಜಿನೊಳಗೆ ಸೋರಬಿಡುವುದು ಕ್ಷೇಮ. ಬಟ್ಟೆಯಲ್ಲಿ ಉಳಿದ ಗಟ್ಟಿಯೇ ಚಕ್ಕಾ. ಅದು ಸುಮಾರು 1¼ರಿಂದ 1½ ಕಿಲೋ ಆಗುವುದು. ಸೋರಿದ ನೀರನ್ನು ಚೆಲ್ಲಬಾರದು. ಪೂರಿಯ ಹಿಟ್ಟನ್ನು ಅದರಲ್ಲಿಯೇ ಕಲಸಬಹುದು.

ಶನಿವಾರ ಸಂಜೆ ಕಿಲೋ ಒಂದಕ್ಕೆ 600 ಗ್ರಾಮಿನಂತೆ ಪುಡಿಮಾಡಿದ ಸಕ್ಕರೆಯನ್ನು ಬೆರೆಸಿ ಒಂದು ಗಂಟೆ ಬಿಟ್ಟರೆ ಸಕ್ಕರೆಯು ಕರಗಿ ಮಿಶ್ರಣವು ಕೊಂಚ ಸಡಿಲವಾಗುವುದು. ಗಾಬರಿ ಬೇಡ, ತಣಿದ ಮೇಲೆ ಅದು ಪುನಃ ಗಟ್ಟಿಯಾಗುವುದು. ಅದನ್ನು ಪುರಣಯಂತ್ರದಲ್ಲಿಯೋ ಸಣ್ಣ ಕಣ್ಣಿನ ಜರಡಿಯಲ್ಲಿಯೋ ಉಜ್ಜಿ ಇಳಿಸಿದರೆ ಒಂದು ಗಂಟೂ ಉಳಿಯದೆ ಬೆಣ್ಣೆಯಂತಾಗುವುದು. ಬಿಸಿಹಾಲಿನಲ್ಲಿ ನೆನೆಸಿದ ಕೇಸರಿ, ಏಲಕ್ಕಿಪುಡಿ, ಚಿಟಿಕೆ ಜಾಯಿಕಾಯಿ ಬೆರೆಸಿ, ಮೇಲೆ ಚಾರೋಳಿಯನ್ನು ಉದುರಿಸಿ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಡಬೇಕು. ಮೊಸರಿನ ಹುಳಿಯು ತಾಮ್ರ ಹಿತ್ತಾಳೆಗಳನ್ನು ಹಿಡಿಯುವುದರಿಂದ ಉಕ್ಕಿನ ಅಥವಾ ಗಾಜಿನ ಪಾತ್ರೆಯೇ ಯೋಗ್ಯವು. ಮಾವಿನ ಕಾಲವಾದರೆ ಆಪೂಸು ಹಣ್ಣಿನ ರಸವನ್ನು ಸೇರಿಸಿ ಸಕ್ಕರೆಯನ್ನು ತಗ್ಗಿಸಿದರೆ ಅದೇ ಆಮ್ರಖಂಡವು.

ಇಷ್ಟರಲ್ಲಿ ಸುಮಾರು ಇಪ್ಪತ್ತು ಮಂದಿಗೆ ತಲಾ 100 ಗ್ರಾಂ ಬರುವುದು. ಇದು ಭಾರವಾದ ಭಕ್ಷ್ಯವು. ಬಟ್ಟಲು ಚಿಕ್ಕದಿದ್ದಷ್ಟೂ ಒಳ್ಳೆಯದು, ಬೇಡವೆಂದವರಿಗೆ ಬಲವಂತ ಮಾಡುವುದು ಆದರವಲ್ಲ. ಮಧುಮೇಹವುಳ್ಳ ಹಿರಿಯರು ಈಗ ಅನೇಕ ಮನೆಗಳಲ್ಲಿರುವರು. ಸಕ್ಕರೆ ಬೆರೆಸುವ ಮೊದಲೇ ಸ್ವಲ್ಪ ಚಕ್ಕಾವನ್ನು ತೆಗೆದಿಟ್ಟು ಏಲಕ್ಕಿ, ಕೇಸರಿಗಳನ್ನು ಹಾಕಿ ಅವರ ಮುಂದೆಯೂ ಒಂದು ಬಟ್ಟಲನ್ನಿಟ್ಟರೆ, ಪಂಕ್ತಿಯಲ್ಲಿ ಬರಿಗೈಯಲ್ಲಿ ಕುಳಿತೆವೆಂಬ ಭಾವವು ಅವರಿಗೆ ಬಾರದು.

ಈ ಕೆಲಸದಲ್ಲಿ ಬೆಂಕಿಯ ಮುಂದೆ ನಿಲ್ಲುವುದು ಹಾಲು ಕಾಯುವಷ್ಟು ಹೊತ್ತು ಮಾತ್ರ. ಗಂಟು ಕಟ್ಟುವುದಕ್ಕೂ ಜರಡಿಯಲ್ಲಿ ಉಜ್ಜುವುದಕ್ಕೂ ತೋಳಿನ ಬಲವು ಬೇಕು. ಪಾಕಶಾಸ್ತ್ರದಲ್ಲಿ ಭೀಮಸೇನನೇ ಮಾಡಿದ ಕೆಲಸವನ್ನು ನಮ್ಮ ಮನೆಯ ಯಜಮಾನರೂ ತರುಣರೂ ಮಾಡಿದರೆ ಅಗೌರವವೇನೂ ಇಲ್ಲ. ಪೂರಿಯನ್ನು ಕರಿಯುವ ಸರದಿಯನ್ನೂ ಹಂಚಿಕೊಳ್ಳಲಿ. ಅಥವಾ ಆ ದಿನ ಪೂರಿಯನ್ನೇ ಬಿಟ್ಟು ಚಪಾತಿಯನ್ನು ಮೊದಲೇ ಮಾಡಿಡಲಿ. ಭಾನುವಾರ ಮೊದಲ ಪಂಕ್ತಿಗೆ ಎಲೆ ಹಾಕುವಾಗ ಗೃಹಿಣಿಗೂ ಒಂದೆಲೆಯನ್ನು ಹಾಕಿ, ಆಕೆಯು ಬಂದು ಕುಳಿತ ಮೇಲೆಯೇ ಪರಿಷೇಚನೆಗೆ ನೀರು ಕೊಳ್ಳಬೇಕೆಂದು ಯಜಮಾನರಲ್ಲಿ ನಮ್ಮ ಬಿನ್ನಹವು.