ಪದಕದ ಹಿಂದೆ ಒಂದು ಹಾಸ್ಟೆಲ್ ಊಟ

ಇಂಗ್ಲೆಂಡಿನ ಹಳೇ ಬೋರ್ಡಿಂಗ್ ಶಾಲೆಗಳಿಗೆ ಒಂದು ಅಭ್ಯಾಸ ಉಂಟು. ತಮ್ಮಲ್ಲಿ ಓದಿದವರು ಯಾರ್ಯಾರು ಏನೇನು ಗೆದ್ರು ಅಂತ ಪಟ್ಟಿ ಮಾಡಿ ಇಡೋದು. ರಗ್ಬಿ ಶಾಲೆಯಂತೂ ಆಟಕ್ಕೇ ತನ್ನ ಹೆಸರು ಕೊಟ್ಟಿದೆ. ಈಟನ್‌ನಲ್ಲಿ ಓದಿದ ಮ್ಯಾಥ್ಯೂ ಪಿನ್ಸೆಂಟ್ 1992ರಿಂದ 2004ರ ತನಕ ಸಾಲಾಗಿ ನಾಲ್ಕು ಒಲಿಂಪಿಕ್ಸ್‌ನಲ್ಲಿ ದೋಣಿ ಹುಟ್ಟು ಹಾಕಿ ಚಿನ್ನ ಗೆದ್ದವರು. ಸರಿ, ನಮ್ಮ ಕಡೆ ಅಂಥದ್ದೊಂದು ಪಟ್ಟಿ ಮಾಡಿದ್ರೆ?

ಮೊದಲ ಹೆಸರು ಬೆಳ್ತಂಗಡಿ ತಾಲೂಕಿನಿಂದ. ಉಜಿರೆಯ ಎಸ್‌ಡಿಎಂ ಕಾಲೇಜಿನ ಹಳೆ ವಿದ್ಯಾರ್ಥಿ ಗುರುರಾಜ ಪೂಜಾರಿ. ಊರು ಕುಂದಾಪುರ ಕಡೆಯ ವಂಡ್ಸೆ, ಅಪ್ಪ ವಾಹನ ಚಾಲಕ. ಸುಶೀಲ್ ಕುಮಾರ್ 2008ರಲ್ಲಿ ಒಲಿಂಪಿಕ್ ಪದಕ ಗೆದ್ದದ್ದು ನೋಡಿ ಕುಸ್ತಿಪಟು ಆಗಬೇಕು ಅಂದುಕೊಂಡಿದ್ದ ಹುಡುಗ ಭಾರ ಎತ್ತೋಕೆ ಬಂದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೊದಲೆರಡು ಯತ್ನ ಹೋಯ್ತು. ಮೂರನೆಯದು ಕೊನೆಯದು. ಅದರಲ್ಲಿ 138 ಕೆಜಿ ಎತ್ತಿದರು. ಒಟ್ಟು 249 ಕೆಜಿ, ಬೆಳ್ಳಿ. ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆಜಿ ಎತ್ತಿ ಕಂಚು.

ಎರಡನೇ ಹೆಸರು ಮೂಡುಬಿದಿರೆಯ ಆಳ್ವಾಸ್‌ನಿಂದ. ಧರುಣ್ ಅಯ್ಯಸಾಮಿ ತಮಿಳುನಾಡಿನವರು. ಸಣ್ಣವರಿದ್ದಾಗಲೇ ತಂದೆ ಹೋದರು, ಶಿಕ್ಷಕಿಯಾದ ತಾಯಿ ಸಾಕಿದರು. 2016ರಲ್ಲಿ ರಿಯೋ ಒಲಿಂಪಿಕ್ಸ್‌ನ ರಿಲೇ ತಂಡದಲ್ಲಿದ್ದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ 48.96 ಸೆಕೆಂಡಿಗೆ ಮುಗಿಸಿ, ರಾಷ್ಟ್ರೀಯ ದಾಖಲೆಯ ಜೊತೆ ಬೆಳ್ಳಿ ತಂದರು.

ಇವರಿಬ್ಬರ ಕಥೆಯಲ್ಲಿ ನನಗೆ ಕಾಣೋದು ಒಂದೇ ಪ್ರಶ್ನೆ: ಊಟ ಯಾರು ಹಾಕಿದ್ರು? ಭಾರ ಎತ್ತುವವನಿಗೆ ದಿನಾ ಮೊಟ್ಟೆ, ಹಾಲು, ಮಾಂಸ ಬೇಕು. ಓಡುವವಳಿಗೆ ವರ್ಷಕ್ಕೆ ಎರಡು-ಮೂರು ಜೊತೆ ಶೂ ಬೇಕು. ಡ್ರೈವರ್ ಸಂಬಳದಲ್ಲಿ, ಟೀಚರ್ ಸಂಬಳದಲ್ಲಿ ಅದು ಏಳೋದಿಲ್ಲ ಮಾರಾಯ್ರೆ. ಡಾ. ಮೋಹನ್ ಆಳ್ವ ಅವರ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತಗೊಂಡು ಫೀಸು, ವಸತಿ, ಊಟ ನೋಡಿಕೊಳ್ಳುತ್ತೆ. ಪದಕದ ಅರ್ಧ ಕೆಲಸ ಅಲ್ಲೇ ಆಗೋದು.

ಬಂಟ್ವಾಳದಲ್ಲಿ ನನ್ನ ಕ್ಲಾಸಿನಲ್ಲೊಬ್ಬಳು ಹುಡುಗಿ ಇದ್ದಳು. 800 ಮೀಟರ್‌ನಲ್ಲಿ ಜಿಲ್ಲೆಗೆ ಹೋಗಿ ಬಂದವಳು. ಬೆಳಿಗ್ಗೆ ಬರಿಗಾಲಲ್ಲಿ ಗದ್ದೆ ಬದುವಿನಲ್ಲಿ ಓಡ್ತಿದ್ದಳು. ಪಿಯುಸಿಗೆ ಹಾಸ್ಟೆಲ್ ಸೀಟು ಸಿಗಲಿಲ್ಲ, ಮನೆಯಿಂದ ಕಾಲೇಜಿಗೆ ಎರಡು ಬಸ್ಸು. ಸಂಜೆ ಪ್ರಾಕ್ಟೀಸ್ ಮುಗಿಸಿದ್ರೆ ಕೊನೇ ಬಸ್ಸು ಹೋಗಿರ್ತಿತ್ತು. ಮೂರೇ ತಿಂಗಳಿಗೆ ಓಟ ಬಿಟ್ಟಳು. ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಇನ್ನೊಬ್ಬರು ನೆನಪಾಗ್ತಾರೆ. ಮೂಡುಬಿದಿರೆ ಕಡೆಯ ಮಿಜಾರಿನ ಶ್ರೀನಿವಾಸ ಗೌಡ. 2020ರ ಐಕಳ ಕಂಬಳದಲ್ಲಿ 142.5 ಮೀಟರ್‌ನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಬೋಲ್ಟ್ ಜೊತೆ ಹೋಲಿಸಿತು. ಟ್ರಯಲ್ಸ್‌ಗೆ ಕರೆ ಬಂತು, ಅವರು ಹೋಗಲಿಲ್ಲ. ಸರಿಯೇ. ಮುಂದೆ ಕೋಣ ಎಳೆಯುವಾಗ ಕೆಸರಲ್ಲಿ ಓಡೋದೇ ಬೇರೆ, ಟ್ರ್ಯಾಕ್‌ನಲ್ಲಿ ಶೂ ಹಾಕಿ ಓಡೋದೇ ಬೇರೆ. ಎರಡನೆಯದಕ್ಕೆ ಹದಿಮೂರು-ಹದಿನಾಲ್ಕನೇ ವಯಸ್ಸಿಗೇ ಕೋಚ್, ಹಾಸ್ಟೆಲ್ ಸಿಗಬೇಕು. ಕಟ್ಟಡ ಕೆಲಸಕ್ಕೆ ಹೋಗ್ತಿದ್ದ ಯುವಕನನ್ನು ಒಂದು ವೈರಲ್ ವಿಡಿಯೋ ನೋಡಿ ಕರೆದ್ರೆ ಆಗೋ ಕೆಲಸ ಅಲ್ಲ.

ನಿಮ್ಮ ಫೋನಿನಲ್ಲೂ ಹೈಸ್ಕೂಲ್ ಬ್ಯಾಚಿನ ವಾಟ್ಸಾಪ್ ಗ್ರೂಪ್ ಇರುತ್ತೆ ಅಲ್ವಾ? ಗುಡ್ ಮಾರ್ನಿಂಗ್ ಮೆಸೇಜುಗಳ ಮಧ್ಯೆ ಒಮ್ಮೆ ಶಾಲೆಯ ಪಿಟಿ ಮಾಸ್ಟ್ರ ನಂಬರ್ ಹುಡುಕಿ ಫೋನ್ ಮಾಡಿ. ಈ ವರ್ಷ ಚೆನ್ನಾಗಿ ಓಡುವವರು, ಎಸೆಯುವವರು ಯಾರಿದ್ದಾರೆ, ಅವರಿಗೆ ಏನು ಕಮ್ಮಿ ಬಿದ್ದಿದೆ ಅಂತ ಕೇಳಿ. ಹತ್ತು ಜನ ಸೇರಿದ್ರೆ ಒಬ್ಬ ಹುಡುಗಿಯ ಹಾಸ್ಟೆಲ್ ಖರ್ಚು ಯಾರಿಗೂ ಭಾರ ಆಗಲಿಕ್ಕಿಲ್ಲ. ಕೊನೇ ಬಸ್ಸಿನ ಚಿಂತೆ ಇಲ್ಲದೆ ಅವಳು ಸಂಜೆ ಆರೂವರೆ ತನಕ ಓಡಲಿ.