ಹಿತ್ತಿಲ ಔಡಲವೂ ಮನೆಯ ಮೂಕಪ್ರಾಣಿಗಳೂ

ರಾಯಚೂರು, ದೇವದುರ್ಗ, ಮಾನ್ವಿಗಳ ಕಡೆ ಹಿತ್ತಿಲ ಮೂಲೆಯಲ್ಲಿ ಔಡಲದ ಗಿಡ ಕಾಣುವುದುಂಟು. ಬಿತ್ತದೆಯೂ ಬೆಳೆದು ಕಡುಬೇಸಗೆಯನ್ನು ತಾಳುವ ಗಿಡವಿದು. ದಕ್ಷಿಣದ ಜಿಲ್ಲೆಗಳವರು ಇದನ್ನೇ ಹರಳು ಎನ್ನುವರು. ಇದರ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡು, ಮಲಬದ್ಧತೆಯಾದಾಗ ಕುಡಿದು ಬೆಳೆದ ಮನೆತನಗಳು ನಮ್ಮವು. ಆದುದರಿಂದ, ಎಣ್ಣೆಯೇ ಔಷಧವಾಗಿರುವಾಗ ಬೀಜದಿಂದ ನಾಯಿಮರಿಗೇನು ಕೇಡು ಎಂದು ಗೃಹಿಣಿಯರು ಕೇಳುವುದು ಸಹಜವೇ.

ಎಣ್ಣೆ ಬೇರೆ, ಬೀಜ ಬೇರೆ. ಬೀಜದೊಳಗೆ ರೈಸಿನ್ ಎಂಬ ಘೋರ ವಿಷವಿದೆ. 1888ರಲ್ಲಿ ಡೋರ್ಪಾಟ್ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಎಂಬವರು ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಇದು ನೀರಿನಲ್ಲಿ ಕರಗುವುದು, ಎಣ್ಣೆಯಲ್ಲಿ ಕರಗದು. ಗಾಣದಲ್ಲಿ ಎಣ್ಣೆ ಹೊರಬಂದರೆ ವಿಷವು ಹಿಂಡಿಯಲ್ಲಿ ಉಳಿಯುವುದು. ಚೆನ್ನಾಗಿ ಕಾಯಿಸಿದರೆ ಅದರ ಬಲ ಕುಂದುವುದು. ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದ ಹಿರಿಯರ ಕ್ರಮಕ್ಕೆ ಈ ಗುಣವೂ ಇತ್ತು.

ಬೀಜದ ಸಿಪ್ಪೆ ಗಟ್ಟಿಯಾದುದು. ಇಡಿಯಾಗಿ ನುಂಗಿದ್ದು ಕೆಲವೊಮ್ಮೆ ಹಾಗೆಯೇ ಹೊರಬೀಳುವುದು. ಅಗಿದು ತಿಂದರೆ ಅಪಾಯ ಹೆಚ್ಚು. ನಾಯಿಮರಿಯೋ ಸಿಕ್ಕಿದ್ದನ್ನೆಲ್ಲ ಕಚ್ಚಿ ಆಡುವಂಥದು. ಗಿಡಕ್ಕಿಂತಲೂ ಅಂಜಬೇಕಾದುದು ಹಿಂಡಿಗೆ. ಗುಲಾಬಿಯ ಬುಡಕ್ಕೆ ಗೊಬ್ಬರವೆಂದು ಹಾಕಿದ ಔಡಲ ಹಿಂಡಿಯನ್ನು ನಾಯಿಗಳು ಕೆದರಿ ಆಸೆಯಿಂದ ತಿನ್ನುವುದುಂಟು. ಶೇಂಗಾ ಹಿಂಡಿಯೆಂದು ಭ್ರಮಿಸಿ ಎಮ್ಮೆಯ ಮುಂದೆ ಇಟ್ಟರೂ ಅನರ್ಥವೇ. ಈ ಎರಡು ಚೀಲಗಳನ್ನು ಒಂದೆಡೆ ಇಡಲಾಗದು.

ವಿಷದ ಲಕ್ಷಣಗಳು ಕೂಡಲೇ ತೋರಲಿಕ್ಕಿಲ್ಲ. ಕೆಲವು ಗಂಟೆಗಳ ಮೇಲೆ, ಒಮ್ಮೊಮ್ಮೆ ಒಂದೆರಡು ದಿನಗಳ ಮೇಲೆ ವಾಂತಿ, ಹೊಟ್ಟೆನೋವು, ರಕ್ತಭೇದಿ, ನಿಶ್ಶಕ್ತಿಗಳು ಕಾಣಿಸುವುವು. ಇದಕ್ಕೆ ಪ್ರತಿವಿಷವಿಲ್ಲ; ದ್ರವವನ್ನು ಏರಿಸಿ ಪ್ರಾಣವನ್ನು ಹಿಡಿದು ನಿಲ್ಲಿಸಲು ವೈದ್ಯರು ಯತ್ನಿಸುವರು. ಆದಕಾರಣ ತಿಂದುದನ್ನು ಕಂಡೊಡನೆ, ಲಕ್ಷಣಗಳಿಗಾಗಿ ಕಾಯದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಹೋಗದೆ, ಕಾಯಿಯ ತುಣುಕೊಂದನ್ನು ಜೊತೆಗಿಟ್ಟುಕೊಂಡು ಪ್ರಾಣಿಯನ್ನು ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಹಾಗೆಂದು ಗಿಡವನ್ನು ಬೇರುಸಹಿತ ಕೀಳಲೇಬೇಕೆ? ನಾಯಿ, ಕರು, ಆಡುಗಳು ಓಡಾಡುವ ಅಂಗಳವಾದರೆ ಕೀಳುವುದೇ ಲೇಸು. ಎಣ್ಣೆಗಾಗಿ ಇಟ್ಟುಕೊಂಡವರು ಸುತ್ತಲೂ ಬೇಲಿ ಕಟ್ಟಿ, ಕಾಯಿ ಒಣಗಿ ಸಿಡಿದು ಬೀಜ ಚದರುವ ಮುನ್ನವೇ ಗೊನೆಗಳನ್ನು ಕೊಯ್ದು, ಮುಚ್ಚಳವಿರುವ ಡಬ್ಬಿಯಲ್ಲಿ ಎತ್ತರಕ್ಕೆ ಇಡಲಿ. ಚುಕ್ಕೆಚುಕ್ಕೆಯಾಗಿ ಹೊಳೆಯುವ ಆ ಬೀಜಗಳು ಚಿಕ್ಕ ಮಕ್ಕಳ ಕಣ್ಣನ್ನೂ ಸೆಳೆಯುವುವು. ಮೂಕಪ್ರಾಣಿಗಾಗಿ ವಹಿಸಿದ ಎಚ್ಚರವು ತೊಟ್ಟಿಲ ಕೂಸಿಗೂ ಕಾವಲಾಗುವುದು.